ಹೆಚ್ಚುವರಿ ದಾಳ ಯಾರಿಗೆ?
ನಾಗಪುರದ ಮೇ ತಿಂಗಳ ಧಗೆಯಲ್ಲಿ ಕೂಲರ್ ಮುಂದೆ ಕೂತು 'ಶ್ಯಾಡೋರನ್' ಎಂಬ ಪಾತ್ರಾಭಿನಯದ ಆಟ ಆಡುವಾಗ ನಮ್ಮ ಗುಂಪಿನ ಮಾತು ಬೆಳೆಯುವುದು ಒಂದೇ ಕಡೆ: ದೂರದಿಂದ ಡ್ರೋನ್ ನಡೆಸುವ ರಿಗ್ಗರ್‌ಗೆ ಹೆಚ್ಚುವರಿ ದಾಳ ಯಾವಾಗ ಸಿಗಬೇಕು? 1989ರಲ್ಲಿ ಬಂದ ಈ ಆಟದ ಐದನೇ ಆವೃತ್ತಿಯಲ್ಲಿ ಕಂಟ್ರೋಲ್ ರಿಗ್ ಎಂಬ ಸಾಧನ ಕೊಡುವ ಹೆಚ್ಚುವರಿ ದಾಳ ಮನಸ್ಸನ್ನೇ ವಾಹನದೊಳಗೆ ಇಳಿಸಿದವನಿಗೆ; ಹೊರಗೆ ಕೂತು ಬರೀ ಆಜ್ಞೆ ಕಳಿಸುವವನಿಗೆ ಸಲ್ಲದು ಎಂಬುದೇ ನನ್ನ ಓದು. ಐದೋ ಆರೋ ಬಿದ್ದ ದಾಳವಷ್ಟೇ ಲೆಕ್ಕಕ್ಕೆ ಬರುವುದರಿಂದ ಎರಡು ದಾಳ ಹೆಚ್ಚಿದ್ದರೂ ಡ್ರೋನ್ ಗೋಡೆಗೆ ಬಡಿಯದೆ ಉಳಿದೀತು. ಇಂಥ ವಾದ ಆಟದ ನಡುವೆ ಬೇಡವೆಂದೇ, ಊರಲ್ಲಿ ಚೌಕಾಬಾರದ ಮನೆ ಬರೆದ ಕೂಡಲೇ ನಮ್ಮಜ್ಜಿ ಕವಡೆ ಮುಚ್ಚಿಹಿಡಿದು ಕೇಳುತ್ತಿದ್ದರು: "ನಾಲ್ಕು, ಎಂಟು ಬಿದ್ದರೆ ಮತ್ತೆ ಹಾಕೋದು ಎಷ್ಟು ಸಲ? ಈಗಲೇ ಹೇಳಿ." ಆಟ ನಡೆಸುವವರೇ, ನೀವೂ ದಾಳ ಉರುಳುವ ಮುಂಚೆಯೇ ತೀರ್ಮಾನ ಹೇಳಿಬಿಡಿ.