ಅರ್ಥವಾಗದ ಕಾಗದಕ್ಕೆ ತಾಯಿಯ ಹೆಬ್ಬೆಟ್ಟು!



ಮೊದಲೇ ತಪ್ಪೊಪ್ಪಿಕೊಂಡು ಬಿಡುತ್ತೇನೆ. ಈ ಪಾಪದಲ್ಲಿ ನನ್ನದೂ ಪಾಲಿದೆ. ಆ ಕಾಗದ ಅಚ್ಚಾದದ್ದು ನನ್ನ ಪ್ರೆಸ್ಸಿನಲ್ಲೇ. ಸಾವಿರ ಪ್ರತಿ, ಮೂರು ಪುಟ, ಅಷ್ಟೂ ಇಂಗ್ಲಿಷ್. ಬಿಲ್ಲು ಹರಿದುಕೊಟ್ಟು ದುಡ್ಡು ಎಣಿಸಿಕೊಂಡಾಗ ನನಗೆ ನಾಚಿಕೆಯಾಗಲಿಲ್ಲ. ಆಮೇಲೆ ಆಯಿತು.

ನಮ್ಮ ತಿಪಟೂರು ಸೀಮೆಯಲ್ಲಿ ಶಾಲಾ ಮಕ್ಕಳಿಗೆ ಶಿಬಿರ, ಚಾರಣ, ಶ್ರಮದಾನ ನಡೆಸುವ ಒಂದು ಯುವಜನ ಸಂಸ್ಥೆಯಿದೆ. ಹೆಸರು ಬೇಡ. ಹೆಸರು ಬರೆದರೆ ಜಗಳ ಹೆಸರಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಭಾನುವಾರ ಬಂತೆಂದರೆ ಸಂಬಳವಿಲ್ಲದೆ, ಸ್ವಂತ ಪೆಟ್ರೋಲು ಸುಟ್ಟು ದುಡಿಯುವ ಹುಡುಗರು ಅದರ ಸ್ವಯಂಸೇವಕರು. ನಾನೂ ಕೈಲಾದಷ್ಟು ಹೆಗಲು ಕೊಡುತ್ತೇನೆ. ಮೊದಲೆಲ್ಲ "ಮಗನನ್ನು ಕಳಿಸುತ್ತಿದ್ದೇವೆ" ಎಂದು ಮನೆಯವರು ಬರೆದುಕೊಟ್ಟ ಒಂದು ಚೀಟಿ ಸಾಕಿತ್ತು. ಈಗ ಮೇಲಿನ ಕಚೇರಿಯಿಂದ ಪೋಷಕರ ಒಪ್ಪಿಗೆ ಪತ್ರ ಇಳಿದಿದೆ. ಕಾಯಿಲೆಗಳ ಪಟ್ಟಿ, ಫೋಟೋ ತೆಗೆಯಲು ಅನುಮತಿ, ಆಧಾರ್ ನಕಲು, ಕೊನೆಯಲ್ಲಿ "ಏನೇ ಅನಾಹುತವಾದರೂ ಸಂಸ್ಥೆ ಹೊಣೆಯಲ್ಲ" ಎಂಬ ಷರತ್ತು. ಒಂದಕ್ಷರ ಬದಲಾಯಿಸಕೂಡದೆಂಬ ತಾಕೀತು ಬೇರೆ!

ಸ್ವಯಂಸೇವಕ ಎಂಬ ಮಾತು ಈ ನಾಡಿಗೆ ಹೊಸದಲ್ಲ. ೧೯೨೩ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದವರು ನಮ್ಮ ನಾ. ಸು. ಹರ್ಡೀಕರ್. ಅಂಥ ನೆಲದ ಹುಡುಗರು ಇಂದು ಫಾರಂ ಹಿಡಿದು ಮನೆಮನೆ ಅಲೆಯುತ್ತಿದ್ದಾರೆ. "ಅಣ್ಣಾ, ನಾವು ಮಕ್ಕಳಿಗೆ ಡೇರೆ ಹೂಡೋದು ಕಲಿಸೋಕೆ ಬಂದವರಾ, ಗುಮಾಸ್ತರಾ?" ಎಂದು ನನ್ನ ಪ್ರೆಸ್ಸಿಗೆ ಬಂದು ಗೋಳು ತೋಡಿಕೊಳ್ಳುತ್ತಾರೆ. "ಈ ಫಾರಂ ಸುಟ್ಟುಹಾಕಿ" ಎನ್ನುವವರೂ ಇದ್ದಾರೆ.

ಇಲ್ಲಿ ನಾನು ಅವರ ಮಾತು ಒಪ್ಪುವುದಿಲ್ಲ. ಬೇರೆಯವರ ಮಗುವನ್ನು ಮೂರು ರಾತ್ರಿ ಕರೆದೊಯ್ಯುವವನು ಮಗುವಿನ ಕಾಯಿಲೆ ಏನು, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂದು ತಿಳಿದಿರಲೇಬೇಕು. ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ೨೦೧೨ರಲ್ಲಿ ಪೋಕ್ಸೋ ಕಾಯ್ದೆ ಸುಮ್ಮನೆ ಬರಲಿಲ್ಲ. ಫಾರಂ ಬೇಕು ಸ್ವಾಮಿ. ಆದರೆ ಅದು ಯಾರ ಭಾಷೆಯಲ್ಲಿರಬೇಕು?

ನಡೆದದ್ದು ಕೇಳಿ. ಕೊಬ್ಬರಿ ಮಂಡಿಯಲ್ಲಿ ಕೂಲಿ ಮಾಡುವ ತಾಯಿ. ಓದು ಬರಹವಿಲ್ಲ. ಫಾರಂ ತುಂಬಲು ಹೋದವನು ಕನ್ನಡ ಮಾಧ್ಯಮದಲ್ಲಿ ಓದಿ ಡಿಗ್ರಿಗೆ ಬಂದ ಹುಡುಗ. ಎರಡನೇ ಪುಟದಲ್ಲಿ "ಎನಿ ಹಿಸ್ಟರಿ ಆಫ್ ಸೀಜರ್ಸ್" ಎಂದಿತ್ತು. ಪೊಲೀಸರು ಗಾಡಿ ಸೀಜ್ ಮಾಡುವುದಷ್ಟೇ ಅವನಿಗೆ ಗೊತ್ತು. "ಅಮ್ಮಾ, ನಿಮ್ಮದೇನಾದರೂ ಸೀಜ್ ಆಗಿದೆಯಾ?" ಎಂದು ಕೇಳಿದ. "ಅಯ್ಯೋ, ನಾವು ಅಂಥೋರಲ್ಲ ಕಣಪ್ಪ" ಎಂದಳು ಆಕೆ. ಹುಡುಗ "ಇಲ್ಲ" ಎಂಬಲ್ಲಿ ಗುರುತು ಹಾಕಿದ. ತಾಯಿ ಹೆಬ್ಬೆಟ್ಟು ಒತ್ತಿದಳು.

ಶಿಬಿರದ ಎರಡನೇ ದಿನ ಬೆಳಗಿನ ಜಾವ ಮಗುವಿಗೆ ಫಿಟ್ಸ್ ಬಂತು! ಮಾತ್ರೆ ಮನೆಯಲ್ಲಿ ಉಳಿದಿತ್ತು. ತಿಳಿದ ಮೇಷ್ಟ್ರೊಬ್ಬರು ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಹೊತ್ತೊಯ್ದರು. ಮಗು ಉಳಿಯಿತು. ಓಡಿಬಂದ ತಾಯಿ ಅಂದದ್ದು ಇಷ್ಟೇ: "ಫಿಟ್ಸ್ ಅಂತ ಕೇಳಿದ್ದರೆ ಹೇಳ್ತಿರಲಿಲ್ವೇನಪ್ಪಾ? ಮಾತ್ರೆ ಕಟ್ಟಿ ಕಳಿಸ್ತಿದ್ದೆ." ಆದರೆ ಕಚೇರಿಯವರು ಎತ್ತಿ ತೋರಿಸಿದ್ದು ಅವಳದೇ ಹೆಬ್ಬೆಟ್ಟನ್ನು! "ನೋಡಿ, ಕಾಯಿಲೆ ಇಲ್ಲವೆಂದು ತಾಯಿಯೇ ಒಪ್ಪಿದ್ದಾಳೆ."

ಇದು ಒಪ್ಪಿಗೆಯೇ? ೧೮೭೨ರ ಕರಾರು ಕಾಯ್ದೆಯ ೧೩ನೇ ಕಲಮು ತೆಗೆದು ನೋಡಿ. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಒಪ್ಪಿಗೆ. ಬ್ರಿಟಿಷರಿಗೇ ತಿಳಿದಿದ್ದ ಇಷ್ಟು ನಮ್ಮವರಿಗೆ ತಿಳಿಯದೇ?

"ಹೊಸ ಕಾನೂನು ಬಂದಿದೆ, ಅದಕ್ಕೇ ಈ ಫಾರಂ" ಎನ್ನುತ್ತಾರೆ. ಯಾವ ಕಾನೂನು? ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳಿಗೆ ೧೮ ತಿಂಗಳ ಗಡುವು. ೧೮ ತುಂಬದವರ ವಿವರ ಕಂಪ್ಯೂಟರಿಗೆ ಏರಿಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ನಿಜ. ಆದರೆ ಅದೇ ಕಾಯ್ದೆಯ ೬ನೇ ಕಲಮು ಇನ್ನೊಂದನ್ನೂ ಹೇಳುತ್ತದೆ. ಒಪ್ಪಿಗೆಯ ಕೋರಿಕೆ ಸರಳ ಮಾತಿನಲ್ಲಿರಬೇಕು. ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಾಗಲಿ ಓದಿಕೊಳ್ಳುವ ಆಯ್ಕೆ ಇರಬೇಕು. ಆ ೨೨ ಭಾಷೆಗಳಲ್ಲಿ ಕನ್ನಡವಿಲ್ಲವೇ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು!

ರಾಜಭಾಷಾ ಕಾಯ್ದೆ ಬಂದದ್ದು ೧೯೬೩ರಲ್ಲಿ. ಗೋಕಾಕ್ ಚಳವಳಿ ಬೀದಿಗಿಳಿದದ್ದು ೧೯೮೨ರಲ್ಲಿ. ಅದು ಸರ್ಕಾರಿ ಕಚೇರಿಗೆ, ಇದು ಶಾಲೆಗೆ, ನಮಗೆ ಯಾವುದೂ ಇಲ್ಲ ಎಂದು ಸಂಘಸಂಸ್ಥೆಗಳು ಜಾರಿಕೊಳ್ಳುತ್ತವೆ. ಚಂದಾ ಎತ್ತುವ ಕರಪತ್ರ ಮಾತ್ರ ಅಚ್ಚಗನ್ನಡದಲ್ಲಿ! ಕೊಡಿ ಎನ್ನಲು ಕನ್ನಡ, ಹೊಣೆಯಲ್ಲ ಎನ್ನಲು ಇಂಗ್ಲಿಷ್!

"ಕನ್ನಡ ಹಾಕಿದರೆ ಪುಟ ಜಾಸ್ತಿ, ಖರ್ಚು ಜಾಸ್ತಿ" ಎಂದು ಇನ್ನೊಂದು ನೆಪ. ಈ ಮಾತನ್ನು ಪ್ರೆಸ್ಸಿನವನ ಮುಂದೆ ಆಡಬೇಡಿ. ಒಂದು ರಾತ್ರಿ ಕುಳಿತು ಅದೇ ವಿಷಯವನ್ನು ಕನ್ನಡದಲ್ಲಿ ಕಂಪೋಸ್ ಮಾಡಿದೆ. ವಕೀಲರ ಒಣಮಾತು ತೆಗೆದರೆ ಎ೪ ಹಾಳೆಯ ಎರಡು ಮಗ್ಗುಲಲ್ಲಿ ಮುಗಿಯಿತು. ಎರಡು ಹಾಳೆ ಹೋಗುತ್ತಿದ್ದಲ್ಲಿ ಒಂದೇ ಹಾಳೆ!

ನಮ್ಮ ಬೇಡಿಕೆ ದೊಡ್ಡದಲ್ಲ. ಮೇಲೆ ಕನ್ನಡವಿರಲಿ, ಬೇಕಿದ್ದರೆ ಕೆಳಗೆ ಇಂಗ್ಲಿಷ್. ಕಾಯಿಲೆಯ ಪಟ್ಟಿಯಲ್ಲಿ ಫಿಟ್ಸ್, ಉಬ್ಬಸ, ಮೈಗೆ ಒಗ್ಗದ ಔಷಧಿ ಎಂದು ತಾಯಂದಿರ ಮಾತೇ ಇರಲಿ. ಓದು ಬಾರದವರಿಗೆ ಪೂರ್ತಿ ಓದಿ ಹೇಳಿದ ಮೇಲೆ ಹೆಬ್ಬೆಟ್ಟು. ಉರ್ದು ಮನೆಯವರಿಗೆ ಉರ್ದುವಿನಲ್ಲೇ ಹೇಳಿ, ಅದಕ್ಕೆ ನಮ್ಮ ತಕರಾರಿಲ್ಲ. "ಹೊಣೆಯಲ್ಲ" ಎಂಬ ಸಾಲು ಕಿತ್ತುಹಾಕಿ. ಮಕ್ಕಳನ್ನು ಕರೆದೊಯ್ಯುವವರು ಹೊಣೆ ಹೊರದೆ ಇನ್ಯಾರು ಹೊರಬೇಕು?

ಓದುಗರೇ, ನಿಮ್ಮ ಮನೆಗೂ ಇಂಥ ಕಾಗದ ಬರುತ್ತದೆ. ಗೊತ್ತಿಲ್ಲವೆಂದು ಹೇಳಲು ನಾಚಿ ಸಹಿ ಹಾಕಬೇಡಿ. ನಾಚಬೇಕಾದವರು ನೀವಲ್ಲ. "ನನ್ನ ಭಾಷೆಯಲ್ಲಿ ಕೊಡಿ, ಓದಿ ಸಹಿ ಮಾಡುತ್ತೇನೆ" ಎಂದು ಅದರ ಮೇಲೇ ಕನ್ನಡದಲ್ಲಿ ಬರೆದು ಹಿಂದಿರುಗಿಸಿ.

ಕನ್ನಡ ಫಾರಂ ನನ್ನ ಪ್ರೆಸ್ಸಿನಲ್ಲಿ ಸಿದ್ಧವಿದೆ. ಯಾವ ಸಂಸ್ಥೆ ಕೇಳಿದರೂ ಕಂಪೋಸಿಂಗಿಗೆ ಕಾಸು ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷ್ ಒಂದೇ ಇರುವ ಒಪ್ಪಿಗೆ ಪತ್ರವನ್ನು ಮಾತ್ರ ಇನ್ನು ಅಚ್ಚು ಹಾಕುವುದಿಲ್ಲ. ಹೋಗುವ ಗಿರಾಕಿ ಹೋಗಲಿ!