ಒಡಂಬಡಿಕೆಯೇ ಹೊರತು ಒಡೆತನವಲ್ಲ

ಪ್ರಕೃತಿಯ ಲೂಟಿಗೆ ಬೈಬಲ್ಲೇ ರಹದಾರಿ ಕೊಟ್ಟಿತೆಂಬ ಮಾತು ಇಂದಿಗೂ ನಿಂತಿಲ್ಲ. ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ಪಾಶ್ಚಾತ್ಯ ಕ್ರೈಸ್ತಮತದ ಮೇಲೆ ಇಂಥದೇ ಆರೋಪ ಹೊರಿಸಿದರು. ಲೂಟಿ ನಿಜ, ರಹದಾರಿ ಸುಳ್ಳು ಎಂಬುದು ನಮ್ಮ ವಾದ.

ಆದಿಕಾಂಡದ ಮೊದಲ ಅಧ್ಯಾಯ ಮನುಷ್ಯನಿಗೆ ದೊರೆತನ ಕೊಟ್ಟಿತೆಂದು ಎತ್ತಿ ಆಡುವವರು ಎರಡನೆಯದನ್ನೇಕೆ ಮರೆಯುತ್ತಾರೆ? ಅಲ್ಲಿ ಅವನಿಗೊಪ್ಪಿಸಿದ್ದು ತೋಟದ ವ್ಯವಸಾಯ ಮತ್ತು ಕಾವಲು. ಒಂಬತ್ತನೆಯದರಲ್ಲಿ, ಜಲಪ್ರಳಯ ಇಳಿದ ಮೇಲೆ, ದೇವರು ನೋಹನ ವಂಶದೊಡನೆ ಮಾಡಿಕೊಂಡ ಒಡಂಬಡಿಕೆಯಲ್ಲಿ ಪಶು ಪಕ್ಷಿ ಮೃಗಗಳೂ ಪಾಲುದಾರರು; ಮುಗಿಲುಬಿಲ್ಲು ಅದರ ಗುರುತು. ಯಾಜಕಕಾಂಡದ 25ನೆಯ ಅಧ್ಯಾಯವಂತೂ ಏಳನೆಯ ವರ್ಷ ಹೊಲಕ್ಕೇ ವಿಶ್ರಾಂತಿ ವಿಧಿಸಿ, ನೆಲ ದೇವರದು, ಜನ ಅದರಲ್ಲಿ ಇಳಿದುಕೊಂಡ ಪರಸ್ಥಳದವರು ಎನ್ನುತ್ತದೆ.

ಪರವೂರಿನಲ್ಲಿ ಬಾಡಿಗೆಮನೆ ಹಿಡಿದು ಬಾಳಿದ ನಮಗೆ ಇದು ತಿಳಿಯದ ಮಾತೇ? ಕರಾರುಪತ್ರಕ್ಕೆ ಸಹಿ ಹಾಕಿದವನು ಬಾಗಿಲು ತೊಲೆ ಕಿತ್ತು ಮಾರಿದರೆ ಜನ ಅದನ್ನು ಕಳವೆನ್ನುತ್ತಾರೆ.

ಪೋಪ್ ಫ್ರಾನ್ಸಿಸ್ 2015ರ ತಮ್ಮ 'ಲಾವ್ದಾತೊ ಸಿ' ಪತ್ರದಲ್ಲಿ ಲೂಟಿಯ ಅರ್ಥವನ್ನು ಸ್ಪಷ್ಟವಾಗಿ ತಳ್ಳಿಹಾಕಿದರು. ಇನ್ನಾದರೂ ಗ್ರಂಥವನ್ನು ದೂರುವುದು ಬಿಟ್ಟು, ಅದನ್ನು ಅರ್ಧ ಓದಿ ಮುಚ್ಚಿಟ್ಟು ಕರಾರು ಮುರಿದವರನ್ನು ಕೇಳೋಣ. ಯಾವ ಮತದವರಾದರೇನು, ಮನೆ ಒಂದೇ.