ಪ್ರಭುತ್ವದ ಗೋಪ್ಯ, ಪ್ರಜೆಯ ಬಯಲು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆಹಚ್ಚಿದ ಶಾಸನಗಳಲ್ಲಿ, ತಾನು ಉಪಾಸಕನಾಗಿ ಎರಡೂವರೆ ವರ್ಷಗಳು ಮೀರಿದ್ದರೂ ಅದರಲ್ಲಿ ಒಂದು ವರ್ಷ ಕಾಲ ತಕ್ಕಷ್ಟು ಶ್ರದ್ಧೆಯಿಂದ ಉದ್ಯುಕ್ತನಾಗಿರಲಿಲ್ಲವೆಂದು ಅಶೋಕ ಚಕ್ರವರ್ತಿಯು ತನ್ನ ನ್ಯೂನತೆಯನ್ನು ತಾನೇ ಸಾರಿದ್ದಾನೆ. ಪ್ರಜೆಗಳ ವರ್ತಮಾನವನ್ನು ಹೊತ್ತುಹೊತ್ತಿಗೆ ತಂದೊಪ್ಪಿಸುವ ಪ್ರತಿವೇದಕರು ಆ ಅರಸನಿಗೂ ಇದ್ದರಾದುದರಿಂದ ಅವನ ಆಳ್ವಿಕೆಯನ್ನು ಸ್ವಾತಂತ್ರ್ಯದ ಆದರ್ಶವೆನ್ನಲಾಗದು. ಆದರೂ ನೋಡುವ ಅಧಿಕಾರವುಳ್ಳವನು ತನ್ನನ್ನೂ ತೋರಿಸಿಕೊಳ್ಳಬೇಕೆಂಬ ವಿವೇಕ ಅಲ್ಲಿ ಉಂಟು. ನಮ್ಮ ಗಣರಾಜ್ಯವು ಈ ವಿವೇಕವನ್ನು ತಲೆಕೆಳಗು ಮಾಡುತ್ತಿದೆಯೆಂಬುದೇ ನನ್ನ ಆಕ್ಷೇಪ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಘೋಷಿಸಿತು. ಬಲವಂತನಿಂದ ದುರ್ಬಲನನ್ನು ಕಾಯುವುದೇ ಆ ಹಕ್ಕಿನ ಪ್ರಯೋಜನ. ಅದನ್ನು ಜಾರಿಗೆ ತರುವೆನೆಂದು ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೋ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳ ಮೇಲೆ ಕೇಂದ್ರ ಸರ್ಕಾರವು ತನ್ನ ಸಂಸ್ಥೆಗಳನ್ನು ಅಧಿಸೂಚನೆಯೊಂದರಿಂದಲೇ ಅದರ ಹಿಡಿತದಿಂದ ಬಿಡಿಸಿಕೊಳ್ಳಲು 17ನೆಯ ಪ್ರಕರಣದಲ್ಲಿ ಅವಕಾಶವಿತ್ತಿದೆ. ಸಾಲದೆಂಬಂತೆ 44ನೆಯ ಪ್ರಕರಣದ ಮೂಲಕ 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಉಪಬಂಧವನ್ನು ಕತ್ತರಿಸಿ, ವೈಯಕ್ತಿಕವೆನ್ನಬಹುದಾದ ಯಾವುದೇ ಮಾಹಿತಿಯನ್ನು ನಿರಾಕರಿಸಲು ಅಧಿಕಾರಿಗೆ ದಾರಿ ಮಾಡಿಕೊಟ್ಟಿದೆ. ವಿಧಾನಮಂಡಲಕ್ಕೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸಲಾಗದೆಂಬ ಹಿಂದಿನ ಉದಾತ್ತ ಮಾತೂ ಅದರೊಡನೆ ಅಳಿಯಿತು. ಸಾರ್ವಜನಿಕ ಹಿತವಿದ್ದರೆ ಮಾಹಿತಿ ಕೊಡಬಹುದೆನ್ನುವ 8(2) ಉಳಿದೇ ಇದೆಯಲ್ಲ ಎಂದು ಸರ್ಕಾರ ಸಮಾಧಾನ ಹೇಳುತ್ತದೆ. ಆದರೆ ಆ ಹಿತವನ್ನು ತೂಗಿ ನೋಡುವವನು, ಮರೆಮಾಚಲು ಕಾರಣವುಳ್ಳ ಕಚೇರಿಯ ಅಧಿಕಾರಿಯೇ ಅಲ್ಲವೆ?

ಪ್ರಜೆಯನ್ನು ಬಯಲಿಗಿಟ್ಟು ಕಚೇರಿಯನ್ನು ಮರೆಮಾಡುವ ಈ ನೀತಿಯ ಪರಿಣಾಮವು ದೆಹಲಿಯಲ್ಲಲ್ಲ, ಚಳ್ಳಕೆರೆಯಂಥ ಬರದ ಸೀಮೆಯಲ್ಲಿ ಕಾಣುತ್ತದೆ. 2023ರ ಜನವರಿಯಿಂದ ಉದ್ಯೋಗ ಖಾತರಿಯ ಸಾಮುದಾಯಿಕ ಕಾಮಗಾರಿಗಳಲ್ಲಿ ಕೂಲಿಕಾರರನ್ನು ದಿನಕ್ಕೆರಡು ಸಲ ನಿಲ್ಲಿಸಿ, ಸ್ಥಳದ ಗುರುತಿನೊಡನೆ ಫೋಟೊ ತೆಗೆದು ಮೊಬೈಲ್ ಆ್ಯಪ್‌ಗೆ ಏರಿಸುವುದು ಕಡ್ಡಾಯವಾಯಿತು. ಬೆಳಗ್ಗೆ ಮಣ್ಣು ಹೊತ್ತ ಹೆಣ್ಣುಮಗಳು ಎರಡನೆಯ ಫೋಟೊಗಾಗಿ ಕಾಯಬೇಕು. ಹಾಜರಿ ತೆಗೆಯುವ ಕಾಯಕ ಬಂಧುವಿನ ಮೊಬೈಲಿಗೆ ನೆಟ್‌ವರ್ಕ್ ಸಿಗದಿದ್ದರೆ ದುಡಿದ ಹಾಜರಿಯೇ ಸಂದೇಹಕ್ಕೊಳಗಾಗುವುದು. ಇಷ್ಟಾಗಿ ಮೋಸವಾದರೂ ನಿಂತಿತೇ ಎಂದರೆ, ಸಂಬಂಧವಿಲ್ಲದ ಚಿತ್ರಗಳನ್ನೂ ಚಿತ್ರದ ಚಿತ್ರವನ್ನೂ ಏರಿಸಲಾಗುತ್ತಿದೆಯೆಂದು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ಮೋಸವನ್ನು ನಿಜವಾಗಿ ಹಿಡಿದದ್ದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದ ಹಾಜರಿಪಟ್ಟಿ; ಸತ್ತವನ ಹೆಸರಿಗೆ ಕೂಲಿ ಬಿದ್ದಿರುವುದನ್ನು ಊರು ಬಲ್ಲುದೇ ಹೊರತು ಸರ್ವರ್ ಅರಿಯದು. ವೈಯಕ್ತಿಕವೆಂಬ ನೆಪದಿಂದ ನಾಳೆ ಆ ಪಟ್ಟಿಯನ್ನೇ ನಿರಾಕರಿಸಿದರೆ, ಕೂಲಿಯವಳ ಮುಖ ಸರ್ಕಾರಕ್ಕೆ ಬಯಲು, ಬಿಲ್ಲಿಗೆ ರುಜು ಹಾಕಿದವನ ಹೆಸರು ಅವಳಿಗೆ ಗೋಪ್ಯ ಎಂಬ ವಿಪರ್ಯಾಸ ಪೂರ್ಣವಾಗುವುದು.

ಈ ಸೀಮೆಗೆ ಗೋಪ್ಯವೇನೂ ಹೊಸತಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳಲ್ಲಿ ಸುಮಾರು 10,000 ಎಕರೆ ಭೂಮಿಯು ಡಿ.ಆರ್.ಡಿ.ಒ., ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳ ಪಾಲಾಗಿ, ತಲೆತಲಾಂತರದಿಂದ ದನಕುರಿ ಮೇಯಿಸಿದವರು ಗೋಡೆಯ ಹೊರಗುಳಿದರು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಎತ್ತರದಿಂದ ಬಹುಹೊತ್ತು ಕಣ್ಣಿಡಬಲ್ಲ ರುಸ್ತುಂ–2ರಂಥ ಚಾಲಕರಹಿತ ವಿಮಾನಗಳು ಹಾರಾಟ ಕಲಿತದ್ದು ಅಲ್ಲಿಯೇ. ಅವು ಗಡಿ ಕಾಯಲೆಂದು ಹುಟ್ಟಿದವು. ರಕ್ಷಣೆಗೆ ಗೋಪ್ಯ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ರಕ್ಷಣೆಗೆ ಸಲ್ಲುವ ಆ ಗೋಪ್ಯವು ಪಂಚಾಯಿತಿಯ ಕಡತಕ್ಕೂ ಹಬ್ಬುವುದನ್ನು ಮಾತ್ರ ಒಪ್ಪಲಾರೆ.

ಹಾಗೆಂದು ಎಣಿಕೆಯೆಲ್ಲ ದುಷ್ಟವೆನ್ನುವುದು ಉಳ್ಳವರ ವಾದ. ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳ ಕಾಡುಗೊಲ್ಲ, ಮ್ಯಾಸಬೇಡ ಸಮುದಾಯಗಳವರು ತಮ್ಮ ಹಿಂದುಳಿದಿರುವಿಕೆಯನ್ನು ಸರ್ಕಾರಕ್ಕೆ ಮನಗಾಣಿಸಬೇಕಾದರೆ ಅಂಕಿಅಂಶ ಬೇಕೇ ಬೇಕು. 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು 60 ಪ್ರಶ್ನೆಗಳೊಡನೆ ನಡೆಸಿದ ಸಮೀಕ್ಷೆಯನ್ನು ಉಚ್ಚ ನ್ಯಾಯಾಲಯವು ತಡೆಯಲಿಲ್ಲ. ಆದರೆ ಉತ್ತರಿಸುವುದು ಸ್ವಇಚ್ಛೆಗೆ ಬಿಟ್ಟದ್ದೆಂದು ಜನರಿಗೆ ತಿಳಿಸತಕ್ಕದ್ದು, ದತ್ತಾಂಶವನ್ನು ಗೋಪ್ಯವಾಗಿಡತಕ್ಕದ್ದು ಎಂದು ಸೆಪ್ಟೆಂಬರ್ 25ರಂದು ವಿಧಿಸಿತು. ಸಮುದಾಯದ ಸ್ಥಿತಿಯನ್ನು ತಿಳಿಯಲು ಮೊತ್ತ ಸಾಕು. ಮನೆಮನೆಯ ಆದಾಯ, ಜಾತಿ, ಆಧಾರ್ ಸಂಖ್ಯೆಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿ ಚಿರಕಾಲ ಇಟ್ಟುಕೊಂಡರೆ ಅದು ನಾಳಿನ ಯಾವ ಆಳುವವನ ಕೈಗೆ ಸಿಕ್ಕೀತೆಂದು ಇಂದು ಯಾರೂ ಹೇಳಲಾರರು.

‘ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ?’ ಎಂಬ ಪ್ರಶ್ನೆಯನ್ನು ಪ್ರಜೆಗೆ ಕೇಳುವವರು ಮೊದಲು ಅದನ್ನು ತಮ್ಮ ಕಚೇರಿಗೆ ಕೇಳಿಕೊಳ್ಳಲಿ. 8(1)(ಜೆ) ತನ್ನ ಮೂಲರೂಪಕ್ಕೆ ಮರಳಬೇಕು. ಹಾಜರಿ ಮತ್ತು ಪಾವತಿಯ ಪಟ್ಟಿಗಳು ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರೂ ಓದುವಂತಿರಬೇಕು. ಸಮೀಕ್ಷೆಯ ಮೊತ್ತಗಳು ಸಿದ್ಧವಾದೊಡನೆ ವ್ಯಕ್ತಿಯ ಗುರುತು ದತ್ತಾಂಶದಿಂದ ಬೇರ್ಪಡಬೇಕು. ಆಧಾರ್‌ನ ಬೆರಳಚ್ಚು ಹೊಂದಲಿಲ್ಲವೆಂದು ಯಾರಿಗೂ ಪಡಿತರ ತಪ್ಪಬಾರದು. ಇಷ್ಟನ್ನೂ ಒಪ್ಪದ ಸರ್ಕಾರವು ಖಾಸಗಿತನದ ಹೆಸರಿನಲ್ಲಿ ರಕ್ಷಿಸುತ್ತಿರುವುದು ತನ್ನನ್ನೇ ಎಂದು ತಿಳಿಯಲು ನಮಗೆ ಬೇರೆ ಸಾಕ್ಷ್ಯ ಬೇಡ.